ಮೀಟರ್ ಬರುವ ಮುನ್ನ
ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಸುತ್ತ ಮನೆ ಕಟ್ಟಿಸಿದವರ ಗೃಹಪ್ರವೇಶ ಈಗ ಹೆಚ್ಚಾಗಿ ತಡವಾಗುವುದು ಕಾಯಂ ವಿದ್ಯುತ್ ಸಂಪರ್ಕ ಸಿಗದಿರುವುದರಿಂದ. ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿತು. 2025ರಲ್ಲಿ ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂ ಅದನ್ನು ಜಾರಿಗೆ ತಂದಿತು. ಸಣ್ಣ ನಿವೇಶನಗಳಿಗೆ ಸರ್ಕಾರ ಆಮೇಲೆ ವಿನಾಯಿತಿ ಕೊಟ್ಟಿದೆ. ಅದು ತಮ್ಮ ಮನೆಗೆ ಅನ್ವಯಿಸುತ್ತದೆಯೇ ಎಂಬುದನ್ನು ಪಾಯ ತೆಗೆಯುವ ಮೊದಲೇ ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಕೇಳಿಕೊಳ್ಳುವುದು ಲೇಸು.

ಓಸಿಗೆ ಮುನ್ನ ಪಾಲಿಕೆಯ ಎಂಜಿನಿಯರ್ ಬಂದು ಕಟ್ಟಡವನ್ನು ಮಂಜೂರಾದ ನಕ್ಷೆಯೊಂದಿಗೆ ತಾಳೆ ನೋಡುತ್ತಾರೆ. ಸೆಟ್‌ಬ್ಯಾಕ್ ನುಂಗಿದ ಮೆಟ್ಟಿಲು, ಬಾಡಿಗೆಯಾಸೆಗೆ ಏರಿಸಿದ ಇನ್ನೊಂದು ಮಹಡಿ ಸಿಕ್ಕಿಬೀಳುವುದು ಆಗಲೇ. ವೈರಿಂಗ್‌ಗೆ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಪೂರ್ಣತಾ ವರದಿ ಬೇಕು. ಅಗ್ಗಕ್ಕೆ ಸಿಕ್ಕ ಎಲೆಕ್ಟ್ರಿಷಿಯನ್ ಸಹಿ ನಡೆಯದು. ಅಲ್ಲಿಯವರೆಗೆ ತಾತ್ಕಾಲಿಕ ಸಂಪರ್ಕವೇ ಗತಿ, ಅದರ ದರವೂ ದುಬಾರಿ.

ಜಲಮಂಡಳಿಯ ಷರತ್ತು ಇನ್ನೊಂದು. 30x40 ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನದ ಹೊಸ ಮನೆಗಳಿಗೆ 2009ರಿಂದ ಮಳೆನೀರು ಕೊಯ್ಲು ಕಡ್ಡಾಯ. ಇಲ್ಲದಿದ್ದರೆ ನೀರಿನ ಬಿಲ್ಲಿಗೆ ತಿಂಗಳು ತಿಂಗಳೂ ದಂಡ ಸೇರುತ್ತದೆ. ಛಾವಣಿಯ ಪೈಪು, ಫಿಲ್ಟರ್, ಸಂಪಿನ ಜೋಡಣೆಯನ್ನು ಗಾರೆಗೆ ಮೊದಲೇ ಮುಗಿಸಬೇಕು; ಬಣ್ಣ ಬಳಿದ ಮೇಲಾದರೆ ಗೋಡೆ ಒಡೆಯಬೇಕಾದೀತು.