ಯೇಸುವಿನ ಸಂಗಡ ಇದ್ದವರ ಗುರುತು

ಓದತಕ್ಕ ವೇದಭಾಗ: ಅಪೊಸ್ತಲರ ಕೃತ್ಯಗಳು 4:1–22



ದೇವಾಲಯದ ಬಾಗಿಲಲ್ಲಿ ಭಿಕ್ಷೆಬೇಡುತ್ತಿದ್ದ ಹುಟ್ಟುಕುಂಟನೊಬ್ಬನು ಸ್ವಸ್ಥನಾದ ಕಾರಣ ಪೇತ್ರ ಯೋಹಾನರು ಹಿರೀಸಭೆಯ ಮುಂದೆ ನಿಲ್ಲಿಸಲ್ಪಟ್ಟರು. ವಿಚಾರಿಸುವವರು ಮಹಾಯಾಜಕರೂ ಶಾಸ್ತ್ರಿಗಳೂ. ಉತ್ತರ ಕೊಡಬೇಕಾದವರು ಬಲೆ ಬೀಸಿ ಬದುಕಿದ ಬೆಸ್ತರು. ಆದರೂ ಇವರ ಮಾತಿನಲ್ಲಿ ಅಳುಕಿರಲಿಲ್ಲ. ಕೆಲವು ವಾರಗಳ ಹಿಂದೆ ಇದೇ ಪೇತ್ರನು ಒಬ್ಬ ದಾಸಿಯ ಮಾತಿಗೆ ಬೆದರಿ ಕರ್ತನನ್ನು ಅರಿಯೆನೆಂದಿದ್ದನು. ಈಗ ಅವನ ಧೈರ್ಯವನ್ನು ಕಂಡವರು ಬೆರಗಾಗಿ, ಇವರು ಯೇಸುವಿನ ಸಂಗಡ ಇದ್ದವರೆಂದು ಗುರುತು ಹಿಡಿದರು. ಹಾಗೆ ಗುರುತು ಹಿಡಿದವರು ಸ್ನೇಹಿತರಲ್ಲ, ವಿರೋಧಿಗಳು ಎಂಬುದನ್ನು ನಾವು ಗಮನಿಸತಕ್ಕದ್ದು.

1. ಮಾರ್ಪಾಟು ಸಹವಾಸದಿಂದ ಉಂಟಾಗುತ್ತದೆ.

ಕರ್ತನು ಹನ್ನೆರಡು ಮಂದಿಯನ್ನು ಆರಿಸಿಕೊಂಡದ್ದು ಮೊದಲು ತನ್ನ ಸಂಗಡ ಇರುವದಕ್ಕೆ, ಆಮೇಲೆ ಸಾರುವದಕ್ಕೆ (ಮಾರ್ಕ 3:14). ಈ ಕ್ರಮವನ್ನು ತಿಳಿಯಲು ನಮ್ಮ ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ರೇಷ್ಮೆ ಹುಳುವನ್ನು ನೋಡಿದರೆ ಸಾಕು. ನಾಲ್ಕು ಜ್ವರಗಳನ್ನು ದಾಟುತ್ತಾ, ಸುಮಾರು ಇಪ್ಪತ್ತೈದು ದಿನ ಅದು ಹಿಪ್ಪುನೇರಳೆ ಸೊಪ್ಪನ್ನು ತಿನ್ನುವುದಲ್ಲದೆ ಬೇರೇನೂ ಮಾಡಿದಂತೆ ತೋರುವುದಿಲ್ಲ. ಬಳಿಕ ಹುಳು ಹಣ್ಣಾಗುತ್ತದೆ. ಚಂದ್ರಿಕೆಗೆ ಬಿಟ್ಟರೆ ತನ್ನೊಳಗಿಂದಲೇ ನೂಲು ತೆಗೆದು ಗೂಡು ಕಟ್ಟುತ್ತದೆ. ಸೊಪ್ಪು ಸಾಲದ ಹುಳುವಿನ ಗೂಡು ತೆಳುವಾಗಿಯೇ ಇರುವುದು. ಅದನ್ನು ಗದರಿಸಿ ಫಲವೇನು? ನಾವಾದರೋ ಕರ್ತನ ವಾಕ್ಯವನ್ನು ಉಣ್ಣದೆ, ಒಳ್ಳೆಯವರಾಗಬೇಕೆಂದು ನಮ್ಮನ್ನು ನಾವೇ ಗದರಿಸಿಕೊಂಡು ಸೋತುಹೋಗುತ್ತೇವೆ.

2. ಆ ಮಾರ್ಪಾಟು ನೆರೆಯವರಿಗೆ ಕಾಣುತ್ತದೆ.

ನಾಲ್ವತ್ತು ದಿನ ಬೆಟ್ಟದ ಮೇಲೆ ದೇವರ ಸನ್ನಿಧಿಯಲ್ಲಿದ್ದ ಮೋಶೆಯ ಮುಖವು ಪ್ರಕಾಶಿಸಿತು. ಅದು ಅವನಿಗೇ ತಿಳಿಯಲಿಲ್ಲ, ಜನರು ಕಂಡರು (ವಿಮೋಚನಕಾಂಡ 34). ಜಕ್ಕಾಯನ ಮನೆಗೆ ಯೇಸು ಅತಿಥಿಯಾಗಿ ಬಂದನು. ಆಗ ಜಕ್ಕಾಯನು ಅನ್ಯಾಯವಾಗಿ ತಕ್ಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದನು (ಲೂಕ 19). ಅವನ ರಕ್ಷಣೆಯ ಸುದ್ದಿಯನ್ನು ಯೆರಿಕೋವಿನ ಬಡವರು ತಮ್ಮ ಕೈಸೇರುವ ಹಣದಲ್ಲಿಯೇ ತಿಳಿಯಬಹುದಾಗಿತ್ತು.

ಮಾರುಕಟ್ಟೆಯಲ್ಲಿ ನೂಲು ಬಿಚ್ಚುವವರು ಗೂಡನ್ನು ಕೈಗೆ ತಕ್ಕೊಂಡು ಅದುಮಿ ನೋಡುವಂತೆ ಊರಿನವರು ನಮ್ಮನ್ನು ನೋಡುತ್ತಾರೆ. ನಮ್ಮ ತಕ್ಕಡಿ ಸರಿಯೋ? ಕೊಂಡ ಸಾಲವನ್ನು ಹೇಳಿದ ದಿನಕ್ಕೆ ತೀರಿಸುತ್ತೇವೋ? ಸೊಸೆಯೊಡನೆ ಮಾತು ಹೇಗಿದೆ? ಅವರು ನಮ್ಮ ಸತ್ಯವೇದವನ್ನು ಓದದೆ ಇರಬಹುದು. ನಮ್ಮನ್ನಂತೂ ದಿನವೂ ಓದುತ್ತಾರೆ.

3. ಅದು ನಾವು ಬಿಡಲೊಲ್ಲದ್ದನ್ನು ಮುಟ್ಟುತ್ತದೆ.

ಕನ್ನಡ ನಾಡಿನ ಸಭೆಗಳಲ್ಲಿ ಇದಕ್ಕೆ ದೃಷ್ಟಾಂತವುಂಟು. ಮಂಗಳೂರಿನ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯನವರು 1844ರಲ್ಲಿ ದೀಕ್ಷಾಸ್ನಾನ ಹೊಂದಿದರು. ಬಾಸೆಲ್ ಪಟ್ಟಣದಲ್ಲಿ ವ್ಯಾಸಂಗಮಾಡಿ 1851ರಲ್ಲಿ ಪಾದ್ರಿಯಾಗಿ ಅಭಿಷಿಕ್ತರಾದರು. ಇಂಥವರು ಪಂಡಿತರ ನಡುವೆಯೇ ಉಳಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಕೊಡಗಿನಲ್ಲಿ ಜೀತದಿಂದ ನಲುಗಿ, ಮುಟ್ಟಬಾರದವರೆಂದು ದೂರವಿಡಲ್ಪಟ್ಟಿದ್ದ ಬಡ ಕ್ರೈಸ್ತರಿಗೆ ನೆಲೆಯಾದ ಆನಂದಪುರವು ಅವರ ನೆರವಿನಿಂದ ಎದ್ದಿತು, ಅವರ ಹೆಸರನ್ನೇ ಹೊತ್ತಿತು. ಹುಟ್ಟಿನಿಂದ ಕಲಿತ ದೂರವನ್ನು ಅಳಿಸುವುದು ಓದಿನಿಂದ ಮಾತ್ರ ಆಗತಕ್ಕ ಕಾರ್ಯವಲ್ಲ. ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದಾತನ ಸಂಗಡ ಇದ್ದವರಿಗೆ ಅದು ಸಾಧ್ಯವಾಗುತ್ತದೆ.

ಹಾಗಾದರೆ, ಕರ್ತನ ಮೇಜಿನ ಬಳಿಯಲ್ಲಿ ಒಂದೇ ಪಾತ್ರೆಯಲ್ಲಿ ಪಾಲುಗೊಂಡು, ಮದುವೆಯ ಮಾತು ಬಂದಾಗ ಹಳೆಯ ಜಾತಿಯನ್ನು ಕೇಳುವವರು ಎಷ್ಟು ಕಾಲ ಯೇಸುವಿನ ಸಂಗಡ ಇದ್ದಾರೆ? ಇದನ್ನು ನಾವು ಇತರರಿಗಲ್ಲ, ನಮಗೇ ಕೇಳಿಕೊಳ್ಳೋಣ.

4. ಸಹವಾಸಕ್ಕೆ ಸಮಯ ಬೇಕು.

ಕರ್ತನೇ ಮುಂಜಾನೆ ಇನ್ನೂ ಕತ್ತಲಿರುವಾಗ ಎದ್ದು, ಏಕಾಂತಕ್ಕೆ ಹೋಗಿ ಪ್ರಾರ್ಥಿಸಿದನು (ಮಾರ್ಕ 1:35). ಹುಳುವಿಗೆ ಸೊಪ್ಪು ಹಾಕಲು ಕತ್ತಲೆಯಲ್ಲಿ ಏಳುವ ನಮಗೆ ಅದು ಹೊಸ ಅಭ್ಯಾಸವಲ್ಲ. ಓದಬಲ್ಲವರು ಸುವಾರ್ತೆಯಿಂದ ಹತ್ತು ವಚನಗಳನ್ನು ನಿಧಾನವಾಗಿ ಓದಲಿ. ಓದಲಾರದ ತಾಯಂದಿರು ಮಗುವಿನ ಕೈಯಲ್ಲಿ ಓದಿಸಿ, ಒಂದೇ ವಚನವನ್ನು ಮನಸ್ಸಿನಲ್ಲಿಟ್ಟುಕೊಂಡು ಕಳೆ ಕೀಳುವಾಗ ನೆನೆಯಲಿ. ಆತನಿಗೆ ಸುಖವನ್ನೂ ಸಂಕಟವನ್ನೂ ಹೇಳಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರಲಿ. ಒಂದು ದಿನದಲ್ಲಿ ಹುಳು ಹಣ್ಣಾಗುವುದಿಲ್ಲ, ಬೇಸರಪಡಬೇಡಿರಿ.

ಆಲೋಚಿಸತಕ್ಕ ಪ್ರಶ್ನೆಗಳು

ಈ ವರುಷ ನಮ್ಮಲ್ಲಿ ಆದ ಯಾವ ಮಾರ್ಪಾಟನ್ನು ನೆರೆಮನೆಯವರು ಹೇಳಬಲ್ಲರು? ಜಕ್ಕಾಯನಂತೆ ನಾವು ಹಿಂದಕ್ಕೆ ಕೊಡಬೇಕಾದದ್ದು ಏನಾದರೂ ಇದೆಯೋ? ನಾಳೆ ಮುಂಜಾನೆ ಕರ್ತನಿಗಾಗಿ ಯಾವ ಹೊತ್ತನ್ನು ಇಡುವೆವು?

ನಮ್ಮ ಊರುಗಳಲ್ಲಿಯೂ ಜನರು ನಮ್ಮನ್ನು ನೋಡಿ ಯೇಸುವನ್ನು ಗುರುತಿಸುವಂತೆ ಆತನು ಕೃಪೆಮಾಡಲಿ. ಆಮೆನ್.