ಮೇಜಿನ ಮೇಲೊಂದು ಪಿಎಸ್‌ಎಲ್‌ವಿ

ಹಲಸೂರಿನಲ್ಲಿ ನಮ್ಮ ಬೀದಿಯ ಮಕ್ಕಳ ಜತೆ ಕೂತು ಕಾಗದದ ರಾಕೆಟ್ ಮಾಡಿಸುತ್ತಾ ನಾನು ಕಲಿತದ್ದು ಇಷ್ಟು.

1. ಸುಮ್ಮನೆ 'ರಾಕೆಟ್' ಮಾಡಬೇಡಿ, ಒಂದು ಹಾರಾಟವನ್ನು ಆರಿಸಿಕೊಳ್ಳಿ. ಪಿಎಸ್‌ಎಲ್‌ವಿ ರಾಕೆಟ್‌ಗಳಲ್ಲೇ ಪಕ್ಕದ ಬೂಸ್ಟರ್ ಇಲ್ಲದ್ದುಂಟು. ಎರಡು, ನಾಲ್ಕು, ಆರು ಇರುವುದೂ ಉಂಟು. ನನ್ನ ಆಯ್ಕೆ ಸಿ-11. 2008ರ ಅಕ್ಟೋಬರ್ 22ರಂದು ಚಂದ್ರಯಾನ-1ನ್ನು ಹೊತ್ತೊಯ್ದ ಇದೇ, ಆರು ಬೂಸ್ಟರ್‌ಗಳ ಎಕ್ಸ್‌ಎಲ್ ಮಾದರಿಯ ಮೊದಲನೆಯದು. ಆ ನೌಕೆ ರೂಪುಗೊಂಡದ್ದು ನಮ್ಮ ಪೂರ್ವ ಬೆಂಗಳೂರಿನಲ್ಲೇ, ವಿಮಾನಪುರದ ಉಪಗ್ರಹ ಕೇಂದ್ರದಲ್ಲಿ. ಇದು ಗೊತ್ತಾದರೆ ಮಕ್ಕಳು ಕತ್ತರಿ ಹಿಡಿಯುವ ರೀತಿಯೇ ಬದಲಾಗುತ್ತದೆ.

2. ಅಳತೆ 1:100 ಇರಲಿ. ಆಗ ಮೀಟರ್ ಎಂದಿದ್ದಲ್ಲೆಲ್ಲ ಸೆಂಟಿಮೀಟರ್. ಎತ್ತರ ಸುಮಾರು 44, ಮುಖ್ಯ ಕೊಳವೆಯ ವ್ಯಾಸ 2.8, ಬೂಸ್ಟರಿನದು 1, ತುದಿಯ ಉಷ್ಣಕವಚದ್ದು 3.2. ಕವಚ ಕೊಳವೆಗಿಂತ ದಪ್ಪ. ತುದಿಯವರೆಗೂ ಒಂದೇ ದಪ್ಪದ ಕೊಳವೆ ಎಳೆದರೆ ಅದು ಪಿಎಸ್‌ಎಲ್‌ವಿ ಅನ್ನಿಸುವುದೇ ಇಲ್ಲ.

3. ಕಾಗದಕ್ಕೂ ನಾರಿನ ದಿಕ್ಕಿದೆ. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಾಗಿಸಿ ನೋಡಿ, ಸಲೀಸಾಗಿ ಬಾಗುವ ಕಡೆಗೇ ಸುತ್ತಿ. ಎದುರು ದಿಕ್ಕಿನಲ್ಲಿ ಸುತ್ತಿದರೆ ಕೊಳವೆಯ ಮೈಮೇಲೆ ಸಣ್ಣ ಸಣ್ಣ ಮುರಿಗೆರೆಗಳು ಏಳುತ್ತವೆ, ಯಾವ ಬಣ್ಣವೂ ಅವನ್ನು ಮುಚ್ಚದು. ದೊಡ್ಡ ಕೊಳವೆಗೆ ಲಟ್ಟಣಿಗೆ, ಬೂಸ್ಟರಿಗೆ ಪೆನ್ಸಿಲ್ ಸಾಕು. ಅಂಚಿನ ಮೇಲೆ ಅಂಚು ಹತ್ತಿಸದೆ ಎರಡನ್ನೂ ತಾಗಿಸಿ, ಒಳಗಿನಿಂದ ಪಟ್ಟಿ ಅಂಟಿಸಿ. 2.8ರ ಕೊಳವೆಗೆ ಹಾಳೆಯ ಅಗಲ 8.8 ಸೆಂ.ಮೀ.

4. ಕವಚದ ತುದಿಯ ಶಂಕುವಿಗೆ ಲೆಕ್ಕ ಬೇಕು, ಅಂದಾಜು ಸಾಲದು. ಬುಡದ ತ್ರಿಜ್ಯವನ್ನು ಓರೆ ಉದ್ದದಿಂದ ಭಾಗಿಸಿ 360ರಿಂದ ಗುಣಿಸಿ. ತ್ರಿಜ್ಯ 1.6, ಓರೆ 4 ಇದ್ದರೆ 144 ಡಿಗ್ರಿಯ ತುಂಡು ಕತ್ತರಿಸಬೇಕು.

5. ಫೆವಿಕಾಲನ್ನು ಕಡ್ಡಿಯ ತುದಿಯಲ್ಲಿ ತೆಳ್ಳಗೆ ಹಚ್ಚಿ. ಮಳೆಗಾಲದಲ್ಲಿ, ಅದರಲ್ಲೂ ಕೆರೆಯ ಪಕ್ಕದ ಮನೆಗಳಲ್ಲಿ, ಹಾಳೆ ತೇವ ಹೀರಿ ಹಿಗ್ಗುತ್ತದೆ. ಅಳೆದ ದಿನವೇ ಕತ್ತರಿಸಿ ಅಂಟಿಸುವುದು ಒಳ್ಳೆಯದು. ಇಂಕ್‌ಜೆಟ್ ಮುದ್ರಣ ಅಂಟಿನ ನೀರಿಗೆ ಕದಡುತ್ತದೆ. ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟೇ ವಾಸಿ.

6. ಕತ್ತರಿಸಿದ ಅಂಚಿನ ಬಿಳಿಯನ್ನು ಅಂಟಿಸುವ ಮುನ್ನವೇ ಬಣ್ಣದಿಂದ ಮುಚ್ಚಿ.

7. ಆರು ಬೂಸ್ಟರ್‌ಗಳನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಅವುಗಳ ನಡುವೆ ಎದುರುಬದುರಾಗಿ ನಿಂತ ಎರಡು ತೆಳು ಸಿಲಿಂಡರ್‌ಗಳನ್ನು. ನನಗಂತೂ ಇಡೀ ಮಾದರಿಯಲ್ಲಿ ಅವೇ ಅತ್ಯಂತ ಪ್ರಿಯ. ಮೊದಲ ಹಂತದ ನಾಜಲ್ ಅಲುಗಾಡುವುದಿಲ್ಲ. ಹಾಗಾದರೆ ರಾಕೆಟ್ ತಿರುಗುವುದು ಹೇಗೆ? ಆ ಸಿಲಿಂಡರ್‌ಗಳೇ ತೊಟ್ಟಿಗಳು, ಅವುಗಳಲ್ಲಿ ಸ್ಟ್ರಾನ್ಷಿಯಂ ಪರ್‌ಕ್ಲೋರೇಟ್ ದ್ರಾವಣವಿರುತ್ತದೆ. ಅದನ್ನು ನಾಜಲ್‌ನ ಒಳಗೆ ಒಂದು ಪಕ್ಕದಿಂದ ಚಿಮ್ಮಿಸಿದಾಗ ಬೆಂಕಿಯ ಹರಿವು ಓರೆಯಾಗುತ್ತದೆ, ರಾಕೆಟ್ ಹಾದಿ ತಿದ್ದಿಕೊಳ್ಳುತ್ತದೆ. ಕೊಳವೆ ಸುತ್ತುತ್ತಿರುವಾಗಲೇ ಇದನ್ನು ಹೇಳಿಬಿಡಿ. ಮಗು ಮುಂದೆ ಯಾವ ಫೋಟೋದಲ್ಲೂ ಮೊದಲು ಹುಡುಕುವುದು ಅವನ್ನೇ.

8. ಆರು ಬೂಸ್ಟರ್‌ಗಳಲ್ಲಿ ನಾಲ್ಕು ನೆಲದಲ್ಲೇ ಹೊತ್ತಿಕೊಳ್ಳುತ್ತವೆ. ಉಳಿದೆರಡು ಸುಮಾರು 25 ಸೆಕೆಂಡಿನ ಬಳಿಕ, ಆಕಾಶದಲ್ಲಿ. ಆ ಎರಡಕ್ಕೆ ಒಳಭಾಗದಲ್ಲಿ ಪೆನ್ಸಿಲ್ ಗುರುತು ಹಾಕಿಸಿ. ಅಂಟಿಸುವಾಗ ತೊಟ್ಟಿಗಳು ಮೊದಲು, ಬೂಸ್ಟರ್‌ಗಳು ಆಮೇಲೆ. ಬೂಸ್ಟರ್‌ಗಳು ಕೂತ ಮೇಲೆ ಆ ಸಂದಿಗೆ ಮಕ್ಕಳ ಬೆರಳೂ ಹೋಗುವುದಿಲ್ಲ.