ಗಾಳಿಕೋವಿಯ ವೇಗ: ಮನೆಯಲ್ಲೇ ಅಳೆಯುವ ಬಗೆ

ಮಂಗನ ಹಿಂಡು ಅಡಿಕೆ ತೋಟಕ್ಕೆ ಇಳಿದಾಗ ಗಾಳಿಕೋವಿ ಅಟ್ಟದಿಂದ ಇಳಿಯುತ್ತದೆ. ಆಗ ಕೇಳುವ ದೂರು ಒಂದೇ: "ಮೊದಲಿನ ಹೊಡೆತ ಇಲ್ಲ ಮಾರಾಯರೆ!" ಸ್ಪ್ರಿಂಗ್ ಬದಲಿಸಲೇ, ಉದ್ದ ನಳಿಗೆಯದನ್ನು ಕೊಳ್ಳಲೇ ಎಂದು ಕೇಳುವ ಸದಸ್ಯರು, ಹಣ ಬಿಚ್ಚುವ ಮೊದಲು ಇದನ್ನು ಓದಬೇಕು.

ಗಿಡ್ಡ ನಳಿಗೆಯ ಕೋವಿಗೆ ಕಾರ್ಬೈನ್ ಎನ್ನುತ್ತಾರೆ. ಸ್ಪ್ರಿಂಗ್ ಕೋವಿಯಲ್ಲಿ ಪಿಸ್ಟನ್ ಒತ್ತುವ ಗಾಳಿ ಸ್ವಲ್ಪವೇ. ನಳಿಗೆಯ ಮೊದಲ ಎಂಟು-ಹತ್ತು ಅಂಗುಲದಲ್ಲೇ ಅದರ ಕೆಲಸ ಬಹುಪಾಲು ಮುಗಿಯುತ್ತದೆ. ಆದ್ದರಿಂದ ನಳಿಗೆ ಗಿಡ್ಡವಾದರೆ ವೇಗ ಹೆಚ್ಚೇನೂ ಕುಗ್ಗದು. ಮುರಿದು ಎಳೆಯುವಾಗ ಸನ್ನೆ ಗಿಡ್ಡವಾಗಿ ತೋಳಿಗೆ ಶ್ರಮ ಹೆಚ್ಚುತ್ತದೆ, ಅಷ್ಟೆ. ಮೊದಲೇ ಗಾಳಿ ತುಂಬಿಡುವ ಕೋವಿಗಳ ಮಾತು ಬೇರೆ. ಅಲ್ಲಿ ಉದ್ದ ನಳಿಗೆಯಿಂದ ಲಾಭವುಂಟು.

ಇನ್ನು ಗುಂಡಿನ ಅಳತೆ. 4.5 ಮಿ.ಮೀ.ನ ಅರ್ಧ ಗ್ರಾಂ ಗುಂಡು ಸೆಕೆಂಡಿಗೆ 240 ಮೀಟರ್ ಓಡಿದರೆ ಅದರ ಶಕ್ತಿ ಸುಮಾರು 14 ಜೌಲ್. ಅದೇ ಶಕ್ತಿಯಲ್ಲಿ 5.5 ಮಿ.ಮೀ.ನ 0.9 ಗ್ರಾಂ ಗುಂಡು ಓಡುವುದು ಸುಮಾರು 180 ಮೀಟರ್ ಮಾತ್ರ. ವೇಗ ಕಡಿಮೆಯೆಂದು ಕೋವಿಯನ್ನು ಹಳಿಯಬೇಡಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಅಥವಾ 20 ಜೌಲ್ ಮೀರಿದ ಗಾಳಿಕೋವಿಗೆ ಪರವಾನಗಿ ಬೇಕೆಂಬುದೂ ನೆನಪಿರಲಿ.

ವೇಗ ಅಳೆಯುವ ಉಪಾಯವನ್ನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲೇ ತೋರಿಸಿದ. ಡಬ್ಬಿಗೆ ಹಸಿ ಜೇಡಿಮಣ್ಣು ಗಿಡಿದು ಒಟ್ಟು ತೂಕ 500 ಗ್ರಾಂ ಮಾಡಿ. ಎರಡು ದಾರಗಳಿಂದ, ತೂಗುವ ಉದ್ದ ಸರಿಯಾಗಿ ಒಂದು ಮೀಟರ್ ಬರುವಂತೆ, ಬಾಯಿ ನಿಮ್ಮತ್ತ ಇರುವಂತೆ ತೂಗುಹಾಕಿ. ಹಿಂದೆ ಧರೆ ಇರಲಿ, ಕಣ್ಣಿಗೆ ಕನ್ನಡಕವಿರಲಿ. ನಳಿಗೆಯ ಗಾಳಿ ಡಬ್ಬಿಯನ್ನು ನೂಕದಂತೆ ಎರಡು ಮೀಟರ್ ದೂರದಿಂದ ಮಣ್ಣಿನ ನಡುವಿಗೆ ಹೊಡೆಯಿರಿ. ಡಬ್ಬಿ ಹಿಂದಕ್ಕೆ ಸರಿದ ಪ್ರತಿ ಸೆಂಟಿಮೀಟರಿಗೆ, ಅರ್ಧ ಗ್ರಾಂ ಗುಂಡಾದರೆ, 31 ಮೀಟರ್ ಲೆಕ್ಕ. ಏಳೂವರೆ ಸೆಂಟಿಮೀಟರ್ ಸರಿದರೆ ಸುಮಾರು 235.

ಒಂದೇ ಹೊಡೆತ ಸಾಲದು, ಹತ್ತು ಹೊಡೆಯಬೇಕು. ಹತ್ತೂ ಒಂದೇ ಸಮನಾಗಿ ಕಡಿಮೆಯಿದ್ದರೆ ಸ್ಪ್ರಿಂಗ್ ಸೋತಿರಬಹುದು. ಒಮ್ಮೆ ನಾಲ್ಕು, ಒಮ್ಮೆ ಆರು ಬಂದರೆ ಮೊದಲು ಗುಂಡು ಬದಲಿಸಿ ನೋಡಿ, ಅನಂತರ ವಾಷರ್ ಬಿಚ್ಚಿ ನೋಡಿ. ನಾನು ಅಳೆಯದೆಯೇ ಹೊಸ ಸ್ಪ್ರಿಂಗ್ ಹಾಕಿಸಿ ಮೋಸಹೋದವನು. ನಳಿಗೆ ಮಡಚುವಲ್ಲಿನ ಚಿಕ್ಕ ವಾಷರ್ ಬಿರುಕುಬಿಟ್ಟು ಗಾಳಿಯೆಲ್ಲ ಅಲ್ಲೇ ಸೋರುತ್ತಿತ್ತು!

ಬಲವಾದ ಸ್ಪ್ರಿಂಗ್ ತುರುಕಿದರೆ ಪಿಸ್ಟನ್ ಪುಟಿದು ಕೋವಿ ಒದೆಯುತ್ತದೆ, ಗುರಿ ಕೆಡುತ್ತದೆ. ಗಾಳಿಕೋಣೆಗೆ ಎಣ್ಣೆ ಬಿಡುವವರಿದ್ದಾರೆ. ಎಣ್ಣೆ ಒಳಗೆ ಹೊತ್ತಿಕೊಂಡು ಢಂ ಎಂದು ಹೊಗೆಯಾಡಿ ಎರಡು ಹೊಡೆತ ಜೋರಾಗಿ ಹೋಗುತ್ತದೆ, ವಾಷರ್ ಸುಡುತ್ತದೆ. ಬರಿದೇ ಹೊಡೆಯುವುದು, ಎಳೆದಿಟ್ಟೇ ರಾತ್ರಿ ಕಳೆಯುವುದು ಎರಡೂ ಬೇಡ.

ಮಂಗವೂ ಕೆಂದಳಿಲೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಗುರಿ ಅವುಗಳ ಮೇಲಲ್ಲ. ಮರದಲ್ಲಿ ಕೊನೆಗಾರ ಇರುವಾಗಲಂತೂ ಕೋವಿ ಮುಟ್ಟಬೇಡಿ. ಮಳೆಗಾಲ ಕಳೆದು ಕೋವಿ ಹೊರತೆಗೆದಾಗ ಹತ್ತು ಅಳತೆಗಳನ್ನು ತೋಟದ ಡೈರಿಯಲ್ಲಿ ಬರೆದಿಡಿ. ಮುಂದಿನ ವರ್ಷ ಹೋಲಿಸಲು ಬರುತ್ತದೆ.